ನಮ್ಮ ಯಜಮಾನರ ಜಿಗ್ಗುಗಳು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬಯ್ಯಬೇಡ. ಕೂತು ಬರೆಯೋಣವೆಂದರೆ ಈ ಮನೆಯಲ್ಲಿ ಒಂದು ಮೇಜೂ ಖಾಲಿಯಿಲ್ಲ, ಎಲ್ಲದರ ಮೇಲೂ ನಮ್ಮ ಯಜಮಾನರ ಪ್ರತಿಭೆ ಹರಡಿಕೊಂಡಿದೆ. ಅಡುಗೆಮನೆಯ ಕಟ್ಟೆಗೆ ಆನಿಕೊಂಡು ನಿಂತೇ ಬರೆಯುತ್ತಿದ್ದೇನೆ.

ಪ್ಲೈವುಡ್ ಹಲಗೆ ಎಳೆದಾಡುವಾಗ ಅವರು ನನ್ನ ಗಿಟಾರ್ ಬೀಳಿಸಿ ಅದರ ಕತ್ತು ಮುರಿದದ್ದು ನಿನಗೆ ಗೊತ್ತೇ ಇದೆ. ರಿಪೇರಿಗೆ ಕೊಡುತ್ತೇನೆಂದರೆ, "ಅಂಗಡಿಯವನಿಗೇನು ಗೊತ್ತು? ನಾನೇ ಹೊಸದು ಮಾಡಿಕೊಡ್ತೀನಿ" ಎಂದು ಎದೆ ತಟ್ಟಿಕೊಂಡರು. ಮರ ಕೊರೆಯುವ ಯಂತ್ರ ಬಂತು. ರೌಟರ್ ಅಂತೆ. ಅದು ಸಿಕ್ಕಸಿಕ್ಕ ಕಡೆ ಹಾಯದಂತೆ ದಾರಿ ತೋರಿಸಲು ಹಲಗೆಯ ಚೌಕಟ್ಟು ಬೇಕು, ಅದೇ ಜಿಗ್. ಕೊಳ್ಳಬಹುದಿತ್ತು. ಕೊಂಡರೆ ಇವರ ದೊಡ್ಡಸ್ತಿಕೆ ಎಲ್ಲಿ ಉಳಿಯಿತು?

ಅಂದಿನಿಂದ ಶುರು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ. ಕತ್ತು ಕೂರುವ ಗುಂಡಿಗೊಂದು ಜಿಗ್, ಅಂಚು ಕೊರೆಯಲೊಂದು, ಅವೆರಡೂ ಅಲುಗಾಡುತ್ತವೆಂದು ಅವನ್ನು ಹಿಡಿಯಲು ಮತ್ತೊಂದು. ನನ್ನ ಊಟದ ಮೇಜನ್ನೂ ಕೊರೆದರು. ಕೇಳಿದರೆ, "ಮೇಜು ಸಮ ಇಲ್ಲ ಕಣೇ" ಎಂಬ ಉತ್ತರ. ಕುಣಿಯಲಾರದವಳಿಗೆ ನೆಲ ಡೊಂಕು, ಕೊರೆಯಲಾರದವರಿಗೆ ಮೇಜು ಡೊಂಕು. ಮರದ ಪುಡಿ ಹಾಲಿನ ಪಾತ್ರೆಗೂ ಬಿತ್ತು.

ಸಾಲದ್ದಕ್ಕೆ, ಆಫೀಸಿನ ಹಳೆಯ ಸ್ನೇಹಿತರನ್ನು ಕರೆಸಿ ಪ್ರದರ್ಶನ. ಅವರೆಲ್ಲ ಟೀ ಹೀರುತ್ತಾ, "ಅಬ್ಬಾ, ಎಂಥ ತಲೆ ರೀ ನಿಮ್ದು!" ಎಂದು ಇವರನ್ನು ಅಟ್ಟಕ್ಕೇರಿಸಿದರು. ಬಾಗಿಲಲ್ಲಿ ನಿಂತಿದ್ದ ಮಗಳು, "ಅಪ್ಪಾ, ಗಿಟಾರ್ ಎಲ್ಲಿ?" ಎಂದು ಕೇಳಿಯೇಬಿಟ್ಟಳು. ಸ್ನೇಹಿತರೆಲ್ಲ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದರು. ನಾನು ಒಳಗೆ ಹೋಗಿ ಹೊಟ್ಟೆ ತುಂಬ ನಕ್ಕೆ.

ಆ ಮಾತು ತಾಗಿರಬೇಕು. ಮರುದಿನದಿಂದ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರು. ಕಳೆದ ಭಾನುವಾರ ಗಿಟಾರ್ ಮುಗಿಯಿತು. ಸುಳ್ಳು ಹೇಳಬಾರದು, ಕತ್ತು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿದೆ. ಈಗ ಇವರ ಕಾಲು ನೆಲದ ಮೇಲಿಲ್ಲ.

ನಿನ್ನ ಮಂಡಿನೋವು ಹೇಗಿದೆ? ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೊಮ್ಮಗಳು ನೂರು ಕಾಲ ನಗುನಗುತ್ತಾ ಬಾಳಲಿ.

ನಿನ್ನ
ಪುಟ್ಟಿ

ತಾ.ಕ.: ಇದನ್ನು ಬರೆಯುವುದೇ ಬೇಡವೆಂದುಕೊಂಡಿದ್ದೆ. ಗಿಟಾರ್ ಕೈಗಿತ್ತಾಗ ನಾನು ಯಾವಾಗಲೂ ಹಿಡಿಯುವಂತೆಯೇ ಹಿಡಿದೆ. ಬೆರಳು ಮೇಲಿನ ಸ್ವರಗಳಿಗೆ ಎಟುಕಲೆಂದು ಕತ್ತಿನ ಬುಡದಲ್ಲಿ ಮರ ಕೊರೆದು ಮಾಡುವ ತಗ್ಗು ಕೆಳಬದಿಯಲ್ಲಿರಬೇಕು, ಅದು ಮೇಲೆ ನನ್ನ ಗಲ್ಲದ ಕಡೆಗೆ ಬಂತು. ಬಲಗೈಯವರ ಗಿಟಾರ್. ಅಮ್ಮ "ಎಡಚಿ" ಎಂದು ಬೈದು ನನ್ನ ಎಡಗೈ ಕಟ್ಟಿಹಾಕಿದಾಗಲೆಲ್ಲ ಬಂದು ಬಿಚ್ಚುತ್ತಿದ್ದವಳು ನೀನು. ಮದುವೆಯಾದಾಗಿನಿಂದ ನಾನು ಇವರೆದುರಿಗೇ ಕೂತು ಆ ಕೈಯಲ್ಲೇ ಬಾರಿಸುತ್ತಾ ಬಂದಿದ್ದೇನೆ. ಇವರು ನಕ್ಕರು, ಗಿಟಾರನ್ನು ನನ್ನ ಮಡಿಲಲ್ಲಿ ತಿರುಗಿಸಿಟ್ಟು, "ಉಲ್ಟಾ ಹಿಡ್ದಿದ್ದೀಯ ಕಣೇ" ಅಂದರು.