ಬಿಸಿ ಇಸ್ತ್ರಿಯ ಬಿಲ್ಲೆ ಮಾಡಿದವರಿಗೆ

ಹುಬ್ಬಳ್ಳಿ, ೨೨೧೪ನೇ ಇಸವಿ, ಫೆಬ್ರವರಿ ೩೦

ಊರೂರಿನ ಚಿತ್ರೋತ್ಸವಗಳಲ್ಲಿ ಹೊಗಳಿಸಿಕೊಂಡ ‘ಬಿಸಿ ಇಸ್ತ್ರಿ’ ಎಂಬ ಸಣ್ಣ ಬಜೆಟ್ಟಿನ ಸಿನಿಮಾವನ್ನು ಸಂಗ್ರಾಹಕರಿಗೆಂದು ಬ್ಲೂ-ರೇ ಡಿಸ್ಕಿನಲ್ಲಿ ಹೊರತಂದ ಹಿರಿಯರಿಗೆ ಚನ್ನವೀರನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಅಂಚೆ ಹಿಂದಿನ ಕಾಲಕ್ಕೂ ಪತ್ರ ಮುಟ್ಟಿಸುತ್ತದೆ; ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಸಿನಿಮಾ ಗೋಡೆಯ ಮೇಲೆ ತಾನಾಗಿ ಬರುತ್ತದೆ. ಅದಕ್ಕೆ ಹರಿವು ಎನ್ನುತ್ತೇವೆ. ಹರಿವಿನಲ್ಲಿ ತಿದ್ದುಗ ಎಂಬ ಯಂತ್ರವಿದೆ. ಯಾರ ಮನಸ್ಸಿಗೂ ನೋವಾಗದಂತೆ ಅದು ಪ್ರತಿ ಸಿನಿಮಾವನ್ನೂ ಆಯಾ ಮನೆಗೆ ಹೊಂದಿಸಿ ಬಡಿಸುತ್ತದೆ, ಖಾರ ತಿನ್ನದವರಿಗೆ ಸಪ್ಪೆ ಸಾರು ಮಾಡಿದ ಹಾಗೆ. ಒಂದೇ ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತ ಪ್ರೀತಿಸುವ ನಿಮ್ಮ ಗಂಗಾಧರ, ಮೌನೇಶ ಇಬ್ಬರೂ, ನನ್ನನ್ನು ಸಾಕಿದ ಅಜ್ಜಿ ನೀಲವ್ವನ ಗೋಡೆಯಲ್ಲಿ ಅಣ್ಣತಮ್ಮಂದಿರಾಗಿಬಿಟ್ಟಿದ್ದರು. ಅಜ್ಜಿಗೆ ಆ ಸಿನಿಮಾ ಎಂದರೆ ಪ್ರಾಣ. ನಾನು ಫಕೀರೇಶನನ್ನು ಮದುವೆಯಾಗುತ್ತೇನೆ ಎಂದಾಗ ಅವಳ ಉತ್ತರ ಸಿದ್ಧವಿತ್ತು: “ಅವರಿಬ್ರು ಅಣ್ಣತಮ್ಮ ಇದ್ದಂಗ ಇರ್ರಿ. ಲಗ್ನ ಯಾಕ ಬೇಕು?” ಅವಳು ಒಪ್ಪದೆ ಹಸೆಗೆ ಕೂರಲು ನನಗೆ ಮನಸ್ಸಾಗಲಿಲ್ಲ.

ಫಕೀರೇಶ ಎಲ್ಲೆಲ್ಲೋ ಅಲೆದು ನಿಮ್ಮ ಬ್ಲೂ-ರೇಯನ್ನೂ ಅದನ್ನು ಆಡಿಸುವ ಹಳೆಯ ಪೆಟ್ಟಿಗೆಯನ್ನೂ ತಂದ. ಬಿಲ್ಲೆ ಎಂದು ನಾವು ಕರೆಯುವ ಈ ವಸ್ತುವನ್ನು ತಿದ್ದುಗ ಮುಟ್ಟಲಾರದು. ಎರಡೂ ಮನೆಯವರು ಬಂದು ಚಾಪೆಯ ಮೇಲೆ ಕೂತರು. ತೆರೆಯ ಮೇಲೆ ಎರಡು ಜೊತೆ ಕೈಗಳು ಒಂದು ಬಿಳಿ ಅಂಗಿಯನ್ನು ಮಡಚಿದವು, ಬಿಚ್ಚಿದವು, ಮತ್ತೆ ಮಡಚಿದವು. ಫಕೀರೇಶನ ಅಪ್ಪ ಕಣ್ಣೊರೆಸಿಕೊಂಡರು. ಎಂಥ ನಿಧಾನ, ಎಂಥ ಧೈರ್ಯ ಎಂದು ನಾನೂ ತಲೆದೂಗಿದೆ. ಚಹಾ ಮುಗಿದು ಮತ್ತೊಂದು ಸುತ್ತು ಬಂದ ಮೇಲೆ ತಿಳಿಯಿತು, ಅದು ಸಿನಿಮಾ ಅಲ್ಲ, ಬೇಕಾದ್ದನ್ನು ಆರಿಸಲು ನೀವಿಟ್ಟ ಮೆನು. ಗುಂಡಿ ಒತ್ತದೆ ಏನೂ ಶುರುವಾಗದು ಎಂದು ಹರಿವಿನಲ್ಲಿ ಬೆಳೆದ ನಮಗೆ ಹೇಗೆ ಗೊತ್ತಾಗಬೇಕು? ಆದರೂ ಮೆನುವಿಗೂ ಅಷ್ಟು ಜೀವ ತುಂಬಿದ ನಿಮಗೆ ಶರಣು.

ಸಿನಿಮಾ ಶುರುವಾಯಿತು. ಕೆಂಡದ ಬಣ್ಣ, ಕುತ್ತಿಗೆಯ ಬೆವರು, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಯ ಚುಂಯ್ ಸದ್ದು, ಯಾವುದನ್ನೂ ನೀವು ನುಣ್ಣಗೆ ಮಾಡಿಲ್ಲ. ಮೌನೇಶ ಗಂಗಾಧರನಿಗೆ ಮುತ್ತಿಟ್ಟಾಗ ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ಎಲ್ಲ ಮುಗಿಯಿತು ಎಂದುಕೊಂಡೆ. ಸಿನಿಮಾ ನಿಲ್ಲಿಸಲು ಹೋದ ಫಕೀರೇಶ ಏನನ್ನೋ ಒತ್ತಿದ. ಬಿಲ್ಲೆಯಲ್ಲೇ ಇದ್ದ, ನಿರ್ದೇಶಕರ ತಾಯಿ ಕಸ್ತೂರೆವ್ವನ ಸಂದರ್ಶನ ಬಂತು. ಅವರ ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ನಮ್ಮ ಕಾಲದಲ್ಲಿ ಕುಕ್ಕರ್ ಇಲ್ಲ. ಇದೇನು ಸದ್ದು ಎಂದು ಅಜ್ಜಿ ಬಾಗಿಲಿಗೆ ಬಂದಳು. ಕಸ್ತೂರೆವ್ವ ಹೇಳುತ್ತಿದ್ದರು: “ಮೊದಲ ಸಲ ಈ ಸಿನಿಮಾ ನೋಡಿದಾಗ ನಾನೂ ಎದ್ದು ಒಳಗ ಹೋಗಿದ್ನಿ. ಒಬ್ಬಾಕಿನ ಕುಂತು ಅತ್ನಿ. ಆಮ್ಯಾಲೆ ಅನಸ್ತು, ಮಗ ತನ್ನ ಬಗ್ಗೆ ಸುಳ್ಳು ಹೇಳೋದು ಬಿಟ್ಟಾನ, ಅದಕ್ಕ ನಾ ಯಾಕ ಅಳಬೇಕು ಅಂತ.”

ಅಜ್ಜಿ ಬಂದು ಚಾಪೆಯ ಮೇಲೆ ಕೂತಳು. “ಮೊದಲಿಂದ ಹಾಕ್ರಿ. ಈ ಸಲ ಪೂರಾ ನೋಡ್ತೀನಿ,” ಎಂದಳು.

ಕುಕ್ಕರ್ ಸದ್ದಿನಿಂದಾಗಿ ಈ ಸಂದರ್ಶನವನ್ನು ಕೈಬಿಡುವ ಯೋಚನೆಯಿತ್ತು ಎಂದು ಬಿಲ್ಲೆಯ ಜೊತೆಗಿನ ಪುಸ್ತಿಕೆಯಲ್ಲಿ ಬರೆದಿದ್ದೀರಿ. ಅದನ್ನು ಓದಿದೊಡನೆ ಈ ಪತ್ರ ಬರೆಯಲು ಕೂತೆ. ಆ ಯೋಚನೆ ಬರುವ ದಿನವೇ ಈ ಪತ್ರ ನಿಮ್ಮ ಕೈ ಸೇರಲಿ. ದಯವಿಟ್ಟು ಅದನ್ನು ತೆಗೆಯಬೇಡಿ. ಸೀಟಿಯನ್ನಂತೂ ತೆಗೆಯಲೇಬೇಡಿ. ನಾಳೆ ನಮ್ಮ ಲಗ್ನ. ಅಜ್ಜಿ ನಮ್ಮಿಬ್ಬರ ಅಂಗಿಗೂ ತಾನೇ ಇಸ್ತ್ರಿ ಹಾಕುತ್ತಿದ್ದಾಳೆ, ಬೇರೆ ಯಾರಿಗೂ ಮುಟ್ಟಗೊಡುತ್ತಿಲ್ಲ.