ಆಗದ ಅಪಘಾತದ ಕಾಗದ

ಲಿಂಗಂಪಲ್ಲಿ
೭ ಆಗಸ್ಟ್ ೨೦೨೫, ಗುರುವಾರ

ನನ್ನ ಅಪ್ಪನಿಗೆ, ಕಲ್ಯಾಣಪ್ಪ ಮೇಸ್ತ್ರಿಯವರಿಗೆ, ಕಾಲು ಮುಟ್ಟಿ ನಮಸ್ಕಾರ.

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ ಎನ್ನಬೇಡಿ. ಎದುರು ನಿಂತು ಹೇಳಲು ಮೂರು ದಿನದಿಂದ ನೋಡುತ್ತಿದ್ದೇನೆ, ಬಾಯಿ ಬರುತ್ತಿಲ್ಲ. ಅದಕ್ಕೇ ಬುತ್ತಿ ಚೀಲದಲ್ಲಿ ಇಡುತ್ತಿದ್ದೇನೆ. ಉಂಡ ಮೇಲೆ ಓದಿ. ಮೊದಲೇ ಓದಿ ಊಟ ಬಿಟ್ಟೀರಿ.

ಸೋಮವಾರದಿಂದ ನೀವು ಸೂರ್ಯನಾರಾಯಣ ಸರ್ ಅವರನ್ನು ಬೈಯುತ್ತಲೇ ಇದ್ದೀರಿ. ಇಪ್ಪತ್ತೆರಡು ವರ್ಷ ಕಟ್ಟಡಗಳಿಗೆ ಸಾರವೆ ಕಟ್ಟಿದವನನ್ನು ಕೆಳಗಿಳಿಸಿ ಗೋದಾಮಿನಲ್ಲಿ ಕೂರಿಸಿದರೆಂದು ನಿಮಗೆ ಅವಮಾನ. 'ಆ ಸೇಫ್ಟಿ ಸಾಹೇಬಗ ಕಣ್ಣಾಗ ಎಣ್ಣಿ ಬಿಟ್ಕೊಂಡು ನನ್ನ ನೋಡೋದ ಕೆಲಸ ಆಗೇತಿ' ಎಂದು ರೊಟ್ಟಿ ಮುರಿಯುತ್ತ ಸಿಡುಕುತ್ತೀರಿ. ನಾನು ತಲೆ ಬಗ್ಗಿಸಿ ಪಲ್ಯ ಬಡಿಸುತ್ತೇನೆ. ಅಪ್ಪಾ, ಅವರು ನಿಮ್ಮನ್ನು ನೋಡಿಯೇ ಇಲ್ಲ. ನೋಡಿದವಳು ನಾನು. ಬರೆದುಕೊಟ್ಟವಳೂ ನಾನೇ.

ಅಂದು ಶ್ರಾವಣ ಸೋಮವಾರ. ನೀವು ನೀರು ಸಹ ಮುಟ್ಟದೆ ಮನೆ ಬಿಟ್ಟಿದ್ದಿರಿ. ಹನ್ನೆರಡರ ಹೊತ್ತಿಗೆ ನಾಲ್ಕನೇ ಅಂತಸ್ತಿನ ಸಾರವೆಯ ಮೇಲೆ ನಿಮಗೆ ತಲೆ ತಿರುಗಿತು. ಸೇಫ್ಟಿ ಬೆಲ್ಟಿನ ಕೊಕ್ಕೆ ಪೈಪಿಗೆ ಹಾಕಿರಲಿಲ್ಲ, ಸೊಂಟದಲ್ಲೇ ನೇತಾಡುತ್ತಿತ್ತು. ನೀವು ಎರಡೂ ಕೈಯಿಂದ ಪೈಪು ತಬ್ಬಿಕೊಂಡು ಕುಳಿತಿರಿ. ತರಬೇತಿಗೆಂದು ಅದೇ ಸೈಟಿನಲ್ಲಿದ್ದ ನಾನು ಕೆಳಗೆ ನಿಂತು ಎಲ್ಲ ನೋಡಿದೆ. ಇಳಿದು ಬಂದವರು ಮುಖ ತೊಳೆದುಕೊಂಡು 'ಯಾರ ಮುಂದೂ ಹೇಳಬ್ಯಾಡ ಯವ್ವಾ' ಎಂದಿರಿ. ನಾನು ಹೂಂ ಅಂದೆ.

ನಮ್ಮ ಸೇಫ್ಟಿ ಡಿಪ್ಲೊಮಾದಲ್ಲಿ ಕಲಿಸಿದ ಮೊದಲ ಪಾಠವೇ ಇದು: ಸ್ವಲ್ಪದರಲ್ಲಿ ತಪ್ಪಿದ ಅಪಘಾತವನ್ನೂ ಬರೆದಿಡಬೇಕು. ಆ ಫಾರ್ಮು ತೋರಿಸಿದಾಗ ನೀವು ನಕ್ಕಿದ್ದಿರಿ, 'ಆಗಲಾರದ್ದಕ್ಕ ಕಾಗದ ಯಾಕ?' ಅಂತ. ಆದಮೇಲೆ ಬರೆಯುವ ಕಾಗದವೇ ಬೇರೆ, ಅಪ್ಪಾ. ಅದರಲ್ಲಿ ಹೆಂಡತಿ ಮಕ್ಕಳ ಹೆಸರೂ ಬರೆಯಬೇಕು.

ಅಂದು ಆ ಫಾರ್ಮಿನಲ್ಲಿ ಎಲ್ಲ ತುಂಬಿ, ನಿಮ್ಮ ಹೆಸರಿನ ಜಾಗವನ್ನು ಮಾತ್ರ ಸಂಜೆಯವರೆಗೆ ಖಾಲಿ ಬಿಟ್ಟಿದ್ದೆ. 'ನನ್ನ ಮಗಳ್ರೀ, ನಿಮ್ಮ ಕೈಕೆಳಗ ಕಲೀಲಿ' ಎಂದು ಸರ್ ಅವರನ್ನು ಕೇಳಿಕೊಂಡು ಗಚ್ಚಿಬೌಲಿಯ ಆ ಸೈಟಿನಲ್ಲಿ ನನಗೆ ತರಬೇತಿ ಕೊಡಿಸಿದವರೇ ನೀವು. ಎಲ್ಲರೆದುರು ಹೇಳಿಕೊಂಡು ತಿರುಗಿದವರೂ ನೀವು. ಸರ್ ಫಾರ್ಮು ಓದಿ, ಹೆಸರು ತೆಗೆಯಲೇನಮ್ಮಾ ಎಂದು ಎರಡು ಸಲ ಕೇಳಿದರು. ಬೇಡ ಅಂದೆ. ಹೊರಗೆ ಬಂದು ಅತ್ತೆ.

ನನಗೂ ಸಿಟ್ಟಿದೆ. ಹೊಸದಾಗಿ ಬಂದವರಿಗೆಲ್ಲ ಕೊಕ್ಕೆ ಹಾಕಿರೆಂದು ಗದರುವವರು ನೀವು. ನಿಮಗೊಂದು ನ್ಯಾಯ, ಅವರಿಗೊಂದು ನ್ಯಾಯವೇ? ಕಣ್ಣು ಮುಚ್ಚಿದರೆ ನೀವು ಓಲಾಡಿದ್ದೇ ಕಾಣುತ್ತದೆ. ನನಗೆ ಭಯವಾಗಿದೆ ಅಪ್ಪಾ, ಬಹಳ ಭಯವಾಗಿದೆ.

ಸರ್ ಶನಿವಾರಕ್ಕೆ ಗೊತ್ತುಮಾಡಿದ ಡಾಕ್ಟರ ತಪಾಸಣೆಗೆ ಹೋಗುವುದಿಲ್ಲ, ಅಂದು ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದು ಅವ್ವನಿಗೆ ಹೇಳಿದ್ದೀರಂತೆ. ಬಿಡಬೇಡಿ. ಶನಿವಾರ ನಾನೂ ಜೊತೆಗೆ ಬರುತ್ತೇನೆ. ಡಾಕ್ಟರು ಸರಿ ಅಂದರೆ ನೀವು ಮತ್ತೆ ಮೇಲೆಯೇ. ಬೈಯುವುದಿದ್ದರೆ ದಾರಿಯುದ್ದಕ್ಕೂ ನನ್ನನ್ನು ಬೈಯಿರಿ. ಆ ಬಡಪಾಯಿ ಸರ್ ಅವರನ್ನು ಬಿಟ್ಟುಬಿಡಿ.

ನಿಮ್ಮ ಮಾತು ಮೀರಿದ ಮಗಳು,
ಸೌಂದರ್ಯಾ

ಮತ್ತೊಂದು ಮಾತು: ಕಾರಣದ ಜಾಗದಲ್ಲಿ 'ಉಪವಾಸ' ಎಂದಷ್ಟೇ ಬರೆದಿದ್ದೆ. ಈ ವರ್ಷ ನೀರೂ ಬಿಟ್ಟಿದ್ದೇಕೆ ಎಂದು ನಿನ್ನೆ ಅವ್ವನನ್ನು ಕೇಳಿದೆ. 'ನೀ ಪಾಸಾಗ್ಲಿ ಅಂತ ಹರಕಿ ಹೊತ್ತಾರವ್ವಾ, ನಾಕೂ ಸೋಮವಾರ' ಎಂದಳು. ಅದನ್ನು ಫಾರ್ಮಿನಲ್ಲಿ ಸೇರಿಸಿಲ್ಲ, ಸೇರಿಸುವುದೂ ಇಲ್ಲ. ಬರುವ ಸೋಮವಾರ ಉಪ್ಪಿಟ್ಟು ತಿಂದು ಹೋಗಿ. ನಾನು ನಪಾಸಾದರೆ ಆರು ತಿಂಗಳಿಗೆ ಇನ್ನೊಮ್ಮೆ ಪರೀಕ್ಷೆಗೆ ಕೂಡಬಹುದು, ಅಪ್ಪಾ.