ಒಂದೇ ಪೀಪಾಯಿಯ ಹಿಟ್ಟು

ತಾವರಗೇರಾ,
೨೦ ಅಕ್ಟೋಬರ್ ೨೦೨೪, ರವಿವಾರ

ನನ್ನ ಮುದ್ದಿನ ಮೊಮ್ಮಗಳು ಅಮೃತಾಗೆ,

ಹೇಗಿದ್ದೀಯ ತಾಯಿ? ಹಾಸ್ಟೆಲ್ಲಿನ ಊಟ ಈಗಲಾದರೂ ಬಾಯಿಗೆ ಹತ್ತಿತೇ? ಚೌತಿಗೆ ಬಂದಾಗ ಕೆಮ್ಮುತ್ತಿದ್ದೆ, ಅದು ಪೂರ್ತಿ ಹೋಯಿತೋ, ಇಲ್ಲ ಧಾರವಾಡದ ತಂಪಿಗೆ ಒಳಗೇ ಕುಳಿತಿದೆಯೋ? ಅರಿಷಿಣ ಹಾಕಿ ಹಾಲು ಕುಡಿ ಎಂದರೆ ನೀನು ಮೂಗು ಮುರಿಯುತ್ತೀಯ. ಕುಡಿ. ನನಗೆ ಮೊಣಕಾಲು ಬಿಟ್ಟರೆ ಮತ್ತೆಲ್ಲ ಸುಖ. ನಿಮ್ಮಪ್ಪ ಪಂಪಾಪತಿಗೆ ಗಿಣಿಗೇರಾ ಫ್ಯಾಕ್ಟರಿಯಲ್ಲಿ ಈ ವಾರ ಎರಡನೇ ಪಾಳಿ, ಹಾಗಾಗಿ ಮನೆಗೆ ಬಂದಿಲ್ಲ. ನಿಮ್ಮವ್ವ ಲಲಿತಾ ನಿನಗೆಂದು ಶೇಂಗಾ ಹುರಿದು ಇಟ್ಟಿದ್ದಾಳೆ, ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸುತ್ತಾಳೆ.

ಫೋನಿದ್ದೂ ಈ ಮುದುಕಿ ಕಾಗದ ಯಾಕೆ ಬರೆದಳು ಎನ್ನುತ್ತೀಯ. ನೀನು ಒಂದೂವರೆ ತಿಂಗಳಿನಿಂದ ಫೋನಿನಲ್ಲಿ ನನಗೆ ಎರಡೇ ಮಾತು ಕೊಡುತ್ತಿದ್ದೀಯ, ಒಂದು ‘ಹೂಂ’, ಇನ್ನೊಂದು ‘ಅರಾಮದೀನಿ’. ಅದರ ಮೇಲೆ ನಾನೇನು ಕಟ್ಟಲಿ? ಸಿಟ್ಟು ನನಗೆ ಗೊತ್ತಿದೆ. ಚೌತಿಯ ಮರುದಿನ ನಮ್ಮ ರೊಟ್ಟಿ ಮನೆಯಲ್ಲಿ ಹುಲಗಮ್ಮನನ್ನು ನಾನು ಎಬ್ಬಿಸಿ ಕಳಿಸಿದ್ದು ನಿನ್ನ ಕಣ್ಣೆದುರಿಗೇ. ಆದದ್ದನ್ನು ಮತ್ತೆ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಡೆದದ್ದು ಗೊತ್ತಿರುವುದು ಬೇರೆ, ಅದು ಯಾಕೆ ನಡೆಯಿತೆಂದು ಗೊತ್ತಿರುವುದು ಬೇರೆ ಎಂದು ನನಗೆ ಓದಲೆಂದು ಬಿಟ್ಟು ಹೋದ ನಿನ್ನ ತತ್ವಶಾಸ್ತ್ರದ ನೋಟುಬುಕ್ಕಿನಲ್ಲಿ ಬರೆದವಳು ನೀನೇ ಅಲ್ಲವೇ?

ಆರ್ಡರಿನ ರೊಟ್ಟಿ ಬಡಿಯಲು ನಾವು ನಾಲ್ಕು ಜನ ಸಾಲಾಗಿ ಒಲೆ ಹಾಕಿಕೊಂಡು ಕೂಡುತ್ತೇವೆ. ಮೊದಲು ನಾನು, ಆಮೇಲೆ ಹಜರತಬೀ, ಆಮೇಲೆ ಫಕೀರಮ್ಮ, ಬಾಗಿಲ ಕಡೆ ಕೊನೆಗೆ ಹುಲಗಮ್ಮ. ಯಾರು ಹಳಬರೋ ಅವರು ಮೊದಲು ಪೀಪಾಯಿಯಿಂದ ಹಿಟ್ಟು ತೆಗೆದುಕೊಳ್ಳುವುದು, ಹೊಸಬರು ಕೊನೆಗೆ. ಹುಲಗಮ್ಮ ಬಂದದ್ದು ಯುಗಾದಿಯ ನಂತರ. ಮೂರು ತಿಂಗಳು ಛಂದ ಬಡಿದಳು, ಹುಣ್ಣಿಮೆ ಚಂದ್ರನಂಥ ರೊಟ್ಟಿ. ಶ್ರಾವಣದಲ್ಲಿ ಆರ್ಡರು ಹೆಚ್ಚಿದ ಮೇಲೆ ಅವಳ ರೊಟ್ಟಿ ಅಂಚು ಬಿರಿಯತೊಡಗಿತು, ಹಂಚಿನ ಮೇಲೆ ಹಾಕುವಾಗ ನಡುವೆ ಮುರಿಯತೊಡಗಿತು. “ಅವ್ವಾರ, ಹಿಟ್ಟು ಬ್ಯಾರೆ ಐತ್ರಿ” ಎಂದಳು. ನಾನು ಎಲ್ಲರೂ ಕೇಳುವ ಹಾಗೆ ಏನಂದೆ, ನೆನಪಿದೆಯಲ್ಲ? “ಒಂದ ಪೀಪಾಯಿ ಹಿಟ್ಟು. ನಮ್ಮ ಮೂರೂ ಮಂದಿ ಕೈಯಾಗ ಮುರೀವಲ್ದು, ನಿನ್ನ ಕೈಯಾಗ ಮುರೀತೈತಿ ಅಂದ್ರ ಏನರ್ಥ? ನಿನ್ನ ಕೈಗುಣ ಸುಮಾರು.” ಬುದ್ಧಿವಂತಿಕೆಯ ಮಾತು ಆಡಿದೆನೆಂದು ಒಳಗೊಳಗೇ ಹೆಮ್ಮೆ ಬೇರೆ.

ಆಗ ನೀನು ಅಡ್ಡ ಬಾಯಿ ಹಾಕಿದೆ. ರೊಟ್ಟಿ ಯಾಕೆ ಮುರಿಯಿತು ಆಯಿ ಎಂದೆ. ಜಿಗಿ ಇಲ್ಲ, ಅದಕ್ಕೇ ಎಂದೆ ನಾನು. ಜಿಗಿ ಅಂದರೇನು ಎಂದೆ ನೀನು. ರೊಟ್ಟಿ ಮುರಿಯದ ಹಾಗೆ ಹಿಡಿದಿಡುವುದು ಎಂದೆ ನಾನು. ಹಾಗಾದರೆ ಮುರಿಯದ ಹಾಗೆ ಹಿಡಿಯುವುದು ಇಲ್ಲದ್ದಕ್ಕೆ ಮುರಿಯಿತು ಅಂದಂತಾಯಿತು, ಇದರಲ್ಲಿ ನೀನು ಹೇಳಿದ್ದೇನು ಎಂದು ಕೇಳಿದೆಯಲ್ಲ, ಹಜರತಬೀ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೆ ಮೈ ಉರಿಯಿತು. “ನಲವತ್ತು ವರ್ಷ ಬಡದೀನಿ, ನಿನ್ನೆ ಮೊನ್ನಿ ಹುಟ್ಟಿದಾಕಿ ನನಗ ಜಿಗಿ ಕಲಸ್ತೀ?” ಎಂದು ಗದರಿದೆ. ನೀನು ಸಂಜೆಯ ಬಸ್ಸಿಗೆ ಹೋದೆ. ಹುಲಗಮ್ಮ ಅಷ್ಟರೊಳಗೆ ಹೋಗಿಯಾಗಿತ್ತು.

ನೋಟುಬುಕ್ಕನ್ನು ಅಟ್ಟಕ್ಕೆ ಎಸೆಯಬೇಕೆಂದಿದ್ದೆ. ಆಗಲಿಲ್ಲ. ನಲವತ್ತನೇ ವಯಸ್ಸಿಗೆ ಅಕ್ಷರ ಕಲಿತವಳು ನಾನು, ರೊಟ್ಟಿ ಕಟ್ಟುವ ಪೇಪರನ್ನೂ ಓದದೆ ಮಡಚಿದವಳಲ್ಲ, ಮೊಮ್ಮಗಳ ಕೈಬರಹ ಹೇಗೆ ಎಸೆಯಲಿ? ಅದರಲ್ಲಿ ನೀನು ಬರೆದ ಗ್ರೀಕ್ ದೇಶದ ಮೂವರು ಗುರುಶಿಷ್ಯರ ಹೆಸರು ಬರೆಯಲು ನನಗೆ ಕೈ ತೊಡರುತ್ತದೆ, ಮೊದಲನೆಯವರು, ಎರಡನೆಯವರು, ಮೂರನೆಯವರು ಎನ್ನುತ್ತೇನೆ, ನೀನು ತಿಳಿದುಕೋ. ಮೊದಲನೆಯವರು ಪೇಟೆಯಲ್ಲಿ ನಿಂತು ದಂಡನಾಯಕನಿಗೆ ಶೌರ್ಯವೆಂದರೇನು ಎಂದು ಕೇಳಿ ಬೆವರಿಳಿಸುತ್ತಿದ್ದರಂತೆ. ಅವರಿಗೂ ನಿನಗೂ ಏನೋ ಬಳಗವಿರಬೇಕು. ಮೂರನೆಯವರು ಹೇಳಿದ್ದು ನನ್ನನ್ನು ಚುಚ್ಚಿತು. ಅನುಭವಸ್ಥನಿಗೆ ಹೀಗಾಗುತ್ತದೆ ಎಂದಷ್ಟೇ ಗೊತ್ತು, ನಿಜವಾಗಿ ಬಲ್ಲವನಿಗೆ ಯಾಕೆ ಹೀಗಾಗುತ್ತದೆ ಎಂಬುದೂ ಗೊತ್ತು, ಅದಕ್ಕೇ ಅವನು ಇನ್ನೊಬ್ಬರಿಗೆ ಕಲಿಸಬಲ್ಲ. ಓದಿ ಬುಕ್ಕು ಮುಚ್ಚಿದೆ. ನಲವತ್ತು ವರ್ಷ ಬಡಿದವಳು ನಾನು ಯಾರಿಗೆ ಏನು ಕಲಿಸಿದ್ದೇನೆ? ನೋಡಿ ಮಾಡು, ಹದ ನಿನಗೇ ತಿಳಿಯುತ್ತದೆ, ಇಷ್ಟೇ. ತಿಳಿಯದವಳಿಗೆ ಕೈಗುಣ ಇಲ್ಲ. ಮುಗಿಯಿತು.

ಹುಲಗಮ್ಮ ಹೋದ ಮೇಲೆ ಆರ್ಡರೇನು ಕಡಿಮೆಯಾಗಲಿಲ್ಲ, ಅವಳ ಪಾಲಿನ ರೊಟ್ಟಿಯನ್ನೂ ಫಕೀರಮ್ಮ ವಹಿಸಿಕೊಂಡಳು. ನಾಲ್ಕನೇ ದಿನಕ್ಕೆ ಫಕೀರಮ್ಮನ ರೊಟ್ಟಿ ಬಿರಿಯಿತು. ಹನ್ನೊಂದು ವರ್ಷ ನನ್ನ ಸಾಲಿನಲ್ಲಿ ಕುಳಿತು ಬಡಿದ ಕೈ ಅದು! “ಹೋದಾಕಿ ದೃಷ್ಟಿ ಹಚ್ಚಿ ಹೋಗ್ಯಾಳ” ಎಂದು ಫಕೀರಮ್ಮ ಒಲೆಗೆ ಮೆಣಸಿನಕಾಯಿ ಸುಟ್ಟಳು, ಮನೆಯೆಲ್ಲ ಕೆಮ್ಮಿದೆವು, ರೊಟ್ಟಿ ಮಾತ್ರ ಮುರಿಯುತ್ತಲೇ ಇತ್ತು. ನನಗೆ ನಿನ್ನ ಪ್ರಶ್ನೆ ಕಾಲಿಗೆ ಚುಚ್ಚಿದ ಜಾಲಿಮುಳ್ಳಿನಂತೆ ಒಳಗೆ ಕುಳಿತಿತ್ತು. ಮುರಿಯುವ ರೋಗ ಕೈಯದಾದರೆ ಕೈ ಹೋದ ಮೇಲೂ ಅದು ಇಲ್ಲೇ ಹೇಗೆ ಉಳಿಯಿತು? ಮರುದಿನ ನಾನೇ ಹೋಗಿ ಬಾಗಿಲ ಕಡೆ ಕೊನೆಗೆ ಕುಳಿತೆ, ಫಕೀರಮ್ಮನನ್ನು ನನ್ನ ಜಾಗಕ್ಕೆ ಕೂಡ್ರಿಸಿದೆ. ಹಿಟ್ಟೂ ಕೊನೆಗೇ ತೆಗೆದುಕೊಂಡೆ. ಎರಡು ರೊಟ್ಟಿ ಹೇಗೋ ಬಂತು. ಮೂರನೆಯದು ಅಂಗೈ ಮೇಲೇ ಎರಡು ತುಂಡು. ಮೊದಲ ಜಾಗದಲ್ಲಿ ಫಕೀರಮ್ಮನ ರೊಟ್ಟಿ ಉಬ್ಬಿ ಕುಣಿಯುತ್ತಿತ್ತು. “ಅವ್ವಾರ, ನಿಮ್ಮ ಕೈಗುಣಾ ಎಲ್ಲಿ ಬಿಟ್ಟು ಬಂದ್ರಿ, ಮನ್ಯಾಗ?” ಎಂದಳು ಹಜರತಬೀ. ಅವಳ ಬಾಯಿಗೆ ಬಾಗಿಲಿಲ್ಲ.

ಆಗ ಪೀಪಾಯಿಯೊಳಗೆ ಮೊಳಕೈವರೆಗೆ ಕೈ ಇಳಿಸಿದೆ. ಅಮೃತಾ, ಮೇಲಿನ ಹಿಟ್ಟು ಗಿರಣಿಯ ಬಿಸಿ ಆರದ್ದು, ಮೆತ್ತಗೆ. ಕೆಳಗೆ ಹೋದಂತೆ ತಣ್ಣಗೆ, ಮುಗ್ಗಲು ವಾಸನೆ, ತಳದಲ್ಲಿ ಹೆಂಟೆ ಕಟ್ಟಿತ್ತು. ನಮ್ಮ ಮನೆಯಲ್ಲಿ ಹಿಟ್ಟಿನ ಪೀಪಾಯಿಯ ತಳ ಕಾಣಬಾರದು. ನಮ್ಮತ್ತೆ ಮುದುಕಮ್ಮ ಹಾಗೆ ಕಲಿಸಿದರು, ನಾನು ಹಾಗೆ ನಡೆಸಿದೆ. ತಳ ಕಂಡರೆ ಮನೆಯ ಲಕ್ಷ್ಮಿ ಎದ್ದು ಹೋಗುತ್ತಾಳೆ, ಅದಕ್ಕೇ ಹಳೆಯದರ ಮೇಲೆಯೇ ಹೊಸ ಹಿಟ್ಟು ಸುರಿಯುವುದು. ಮೊದಲು ಕೆಲಸ ಕಡಿಮೆ, ಮೇಲಿನ ಹೊಸ ಹಿಟ್ಟಿನಲ್ಲೇ ಎಲ್ಲರದೂ ಮುಗಿಯುತ್ತಿತ್ತು. ಆರ್ಡರು ಹೆಚ್ಚಿದ ಮೇಲೆ ಕೊನೆಯವಳ ತಟ್ಟೆ ದಿನಾ ಆ ಹಳೆಯದಕ್ಕೆ ತಾಗುತ್ತಿತ್ತು. ಕೊನೆಯವಳು ಯಾರೇ ಇರಲಿ. ಒಂದೇ ಪೀಪಾಯಿ ಎಂದು ನಾನು ಎದೆ ತಟ್ಟಿ ಹೇಳಿದ್ದು ನಿಜ, ಒಂದೇ ಹಿಟ್ಟು ಎಂದು ತಿಳಿದದ್ದು ಸುಳ್ಳು.

ಪೀಪಾಯಿ ಬೋರಲು ಹಾಕಿ ತೊಳೆಯುತ್ತೇನೆ ಎಂದೆ. ದೊಡ್ಡ ರಂಪವೇ ಆಯಿತು. ಫಕೀರಮ್ಮ ಎದ್ದು ನಿಂತಳು. ಹಜರತಬೀಗೇಕೆ ನಮ್ಮ ಲಕ್ಷ್ಮಿಯ ಚಿಂತೆ ಎಂದರೆ, “ನಿಮ್ಮ ಲಕ್ಷ್ಮಿ, ನಮ್ಮ ಬರಕತ್ತು, ಎರಡೂ ಅದರ ತಳದಾಗನ ಅದಾವ್ರಿ” ಎಂದು ಪೀಪಾಯಿ ಅಪ್ಪಿಕೊಂಡಳು. ಗಿರಣಿಯವನ ಕಲ್ಲು ಸವೆದಿದೆ, ಈ ಸಲದ ಜೋಳವೇ ಹೈಬ್ರಿಡ್ಡು, ನೀರು ಗಡಸು, ಹೀಗೆ ಇಬ್ಬರೂ ಒಂದೊಂದು ಕಾರಣ ಹುಡುಕಿ ತಂದರು. ಕಾರಣವೇನೋ ಎಲ್ಲರಿಗೂ ಬೇಕು ತಾಯಿ, ನಮ್ಮ ಬುಡಕ್ಕೆ ಬರದ ಕಾರಣ ಬೇಕು ಅಷ್ಟೇ. ಕೊನೆಗೆ ನಾನೇ ಒದ್ದು ಉರುಳಿಸಿದೆ. ಆ ಹಿಟ್ಟು ಎಮ್ಮೆಗೆ ಹಾಕಿದೆ, ಎರಡು ಬೊಗಸೆ ಮಾತ್ರ ಡಬ್ಬಿಯಲ್ಲಿ ತೆಗೆದಿಟ್ಟೆ.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡೆ ನಾನು. ಮುಖ ತೋರಿಸಲು ನಾಚಿ ತಿಂಗಳು ತಳ್ಳಿ, ಮೊನ್ನೆ ಶುಕ್ರವಾರ ಬೆಲ್ಲ, ಕುಪ್ಪಸದ ಕಣ ತೆಗೆದುಕೊಂಡು ಕೆಳಗಿನ ಓಣಿಗೆ ಹುಲಗಮ್ಮನ ಮನೆಗೆ ಹೋದೆ. ಅಲ್ಲಿ ಏನಾಗಿದೆ ಗೊತ್ತೇ? ಹಿಂಗಾರಿ ಜೋಳ ಬಿತ್ತುವ ದಿನ ಅವಳ ಅತ್ತೆ ಮಾರೆವ್ವ ಬೀಜದ ಬುಟ್ಟಿಯನ್ನು ಅವಳ ಕೈಯಿಂದ ಕಸಿದುಕೊಂಡಿದ್ದಾಳೆ. “ಕಸ್ತೂರೆಮ್ಮನಂಥಾಕಿನ ಕೈಗುಣ ಸುಮಾರು ಅಂದಾಳ, ನೀ ಬೀಜಕ್ಕ ಕೈ ಹಚ್ಚಬ್ಯಾಡ” ಎಂದಳಂತೆ. ಹಾಲಿಗೆ ಹೆಪ್ಪು ಹಾಕುವುದೂ ಬೇಡ, ಬಾಣಂತಿಗೆ ಎಣ್ಣೆ ಹಚ್ಚುವುದೂ ಬೇಡ. ನಾನು ಒಂದು ದಿನದ ಸಿಟ್ಟಿನಲ್ಲಿ ರೊಟ್ಟಿಯ ಬಗ್ಗೆ ಆಡಿದ ಮಾತು ಅವಳ ಮೈಗೆ ಹಚ್ಚೆಯ ಹಾಗೆ ಹತ್ತಿದೆ. ನಾನು ಕೈ ಮುಗಿದು ತಪ್ಪಾಯಿತು ಎಂದೆ. ಹುಲಗಮ್ಮ ಬೆಲ್ಲ ಮುಟ್ಟಲಿಲ್ಲ. “ತಪ್ಪಾತು ಅಂದ್ರ ದೊಡ್ಡಸ್ತನಾ ನಿಮಗ ಬರತೈತ್ರಿ ಅವ್ವಾರ. ನನ್ನ ಕೈ ಇದ್ದಂಗ ಇರತೈತಿ. ಯಾಕ ಮುರೀತು, ಅದನ್ನ ನಮ್ಮತ್ತಿಗೆ ತಿಳಿಯುವಂಗ ಹೇಳ್ರಿ” ಎಂದಳು. ಹೇಳಿದೆ. ತಳ, ಮೇಲು, ಹಳೆಯದು, ಹೊಸದು, ಬಾಯಿ ಒಣಗುವ ತನಕ ಹೇಳಿದೆ. ಮಾರೆವ್ವ ಎಲೆ ಅಡಿಕೆ ಅಗಿಯುತ್ತ ಕೇಳಿದಳು: “ಒಂದ ಪೀಪಾಯಿ ಹಿಟ್ಟು ಎರಡು ನಮೂನಿ ಹೆಂಗಾಗತೈತಿ ಯವ್ವಾ? ನಮ್ಮ ಸೊಸಿ ಮಾರಿ ಉಳಸಾಕ ಹೇಳಾಕತ್ತೀರಿ, ನಿಮ್ಮ ಮನಸು ದೊಡ್ಡದು.” ನನ್ನ ಮಾತೇ ನನಗೆ ಉತ್ತರ! ಬೆಲ್ಲ ಅಲ್ಲೇ ಇಟ್ಟು ಬಂದೆ.

ಎರಡು ದಿನದಿಂದ ಕೈಕಾಲು ಆಡುತ್ತಿಲ್ಲ. ಸಿಟ್ಟು ಯಾರ ಮೇಲೆ ಎಂದರೆ ಎಲ್ಲರ ಮೇಲೆ. ನಿನ್ನ ಮೂರನೆಯವರ ಮೇಲೂ. ಅವರು ಗ್ರಹಣದ ಮಾತು ಹೇಳಿದ್ದಾರಲ್ಲ, ಗ್ರಹಣವೆಂದರೇನು, ಯಾಕೆ ಹಿಡಿಯುತ್ತದೆ, ಎರಡಕ್ಕೂ ಉತ್ತರ ಒಂದೇ, ಭೂಮಿ ನಡುವೆ ಬಂದು ಚಂದ್ರನ ಬೆಳಕು ತಡೆಯುವುದು ಎಂದು. ಓದಲು ಛಂದ. ನಮ್ಮಲ್ಲಿ ಗ್ರಹಣದ ಹೊತ್ತಿಗೆ ಪರಾತದ ನೀರಿನಲ್ಲಿ ಒನಕೆ ನಿಲ್ಲಿಸುತ್ತಾರೆ, ಒನಕೆ ನಿಂತದ್ದಕ್ಕೆ ಗ್ರಹಣ ಹಿಡಿಯಿತು ಎಂದು ಯಾವ ದಡ್ಡಿಯೂ ಹೇಳುವುದಿಲ್ಲ. ನಾನು ಅದಕ್ಕಿಂತ ದಡ್ಡಿ, ಮುರಿದ ರೊಟ್ಟಿಯ ಮುಂದೆ ಯಾರು ಕುಳಿತಿದ್ದರೋ ಅವರೇ ಕಾರಣ ಎಂದೆ. ಕುಳಿತಿರುವುದು ಮನುಷ್ಯನ ಸ್ವರೂಪವಲ್ಲ, ಎದ್ದರೆ ಹೋಗುವಂಥದ್ದು ಎಂದು ನೀನೇ ಬರೆದಿದ್ದೀಯ. ಹುಲಗಮ್ಮ ಕೊನೆಗೆ ಕುಳಿತದ್ದು ಅವಳ ಜಾಗ, ನಾನು ಅದನ್ನೇ ಅವಳ ಗುಣ ಮಾಡಿಬಿಟ್ಟೆ. ಇಷ್ಟೆಲ್ಲ ಈಗ ನನಗೆ ತಿಳಿಯಿತು, ಸರಿ. ತಿಳಿದವನು ಕಲಿಸಬಲ್ಲ ಎಂದರಲ್ಲ ಆ ಪುಣ್ಯಾತ್ಮರು, ಬಂದು ಮಾರೆವ್ವನಿಗೆ ಕಲಿಸಲಿ ನೋಡೋಣ! ಅವರ ಶಿಷ್ಯರು ಕೇಳಲಿಕ್ಕೆಂದೇ ಬಂದು ಕುಳಿತವರು. ಕೇಳಬಾರದೆಂದು ನಿರ್ಧರಿಸಿದ ಅತ್ತೆಗೆ ಕಾರಣ ತಿಳಿಸುವುದು ಹೇಗೆ ಎಂದು ನಿನ್ನ ನೋಟುಬುಕ್ಕಿನಲ್ಲಿ ಹಿಂದೆ ಮುಂದೆ ತಿರುವಿದರೂ ಸಿಗಲಿಲ್ಲ. ನಿನಗೆ ಗೊತ್ತಿದ್ದರೆ ಬರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಬರಿ, ‘ಹೂಂ’ ಎನ್ನಬೇಡ.

ನಿನ್ನ ಗೆಳತಿ ಗಂಗಾಳಿಗೆ ನನ್ನ ನೆನಪು ಹೇಳು. ಪರೀಕ್ಷೆಗೆ ಓದು, ಆದರೆ ಊಟದ ಮುಂದೆ ಪುಸ್ತಕ ಇಡಬೇಡ. ದೇವಿ ಹುಲಿಗೆಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಬಾಯಿ ಹೀಗೇ ಚೂಪಾಗಿರಲಿ, ನನ್ನಂಥವರ ಮೇಲೆ ಮಾತ್ರ ಸ್ವಲ್ಪ ನಿಧಾನವಾಗಿ ಬೀಳಲಿ.

ನಿನ್ನನ್ನು ಬೈದು ಕಳಿಸಿ ಕಂಗಾಲಾದ ಆಯಿ,
ಕಸ್ತೂರೆಮ್ಮ

ತಾ.ಕ.: ಸೋಮವಾರ. ಪೋಸ್ಟಿಗೆ ಹೊರಟವಳು ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೋ. ಬೆಳಿಗ್ಗೆ ಎರಡು ಡಬ್ಬಿ ಹಿಟ್ಟು ಒಯ್ದು ಮಾರೆವ್ವನ ಮುಂದೆ ಇಟ್ಟೆ, ಒಂದರಲ್ಲಿ ಹೊಸದು, ಒಂದರಲ್ಲಿ ಪೀಪಾಯಿ ತಳದ್ದು. ಯಾವುದು ಯಾವುದು ಎನ್ನಲಿಲ್ಲ. “ಈ ಓಣ್ಯಾಗ ರೊಟ್ಟಿ ಅಂದ್ರ ನಿಂದವ್ವಾ, ಎರಡರಾಗೂ ಬಡದು ತೋರಸು” ಎಂದೆ, ಅಷ್ಟೇ. ಓಣಿಯ ಹೆಂಗಸರು ಬಾಗಿಲಲ್ಲಿ ಕೂಡಿದರು. ಮೊದಲ ಡಬ್ಬಿಯದು ಹಂಚಿನ ಮೇಲೆ ಉಬ್ಬಿತು, ಮಾರೆವ್ವ ಎಲ್ಲರ ಮುಖ ನೋಡಿದಳು. ಎರಡನೆಯ ಡಬ್ಬಿಯದು ಮುರಿಯಿತು. ಎಸರು ಹೆಚ್ಚು ಹಾಕಿ ನಾದಿದಳು, ಮತ್ತೆ ಮುರಿಯಿತು. ಮೂರನೆಯ ಸಲ ಕೈಯಲ್ಲೇ ಹೋಯಿತು. ಮಾರೆವ್ವನ ಕಿವಿ ಕೆಂಪಾಯಿತು. ನಾನು ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಹುಲಗಮ್ಮ ಹಿಂದಿನಿಂದ ಬಂದು ಆ ತುಂಡುಗಳನ್ನು ಆಯ್ದುಕೊಂಡಳು. “ಅತ್ತಿ, ನಿಮ್ಮ ಕೈ ಛಲೋನ ಐತ್ರಿ. ಹಿಟ್ಟು ಹಳೇದು” ಎಂದಳು. ಎಂಥ ಸಣ್ಣ ಮಾತು ಅಮೃತಾ, ಚೌತಿಯ ಮರುದಿನ ನನ್ನ ಬಾಯಿಗೆ ಅದು ಬರಲಿಲ್ಲ. ಮಾರೆವ್ವ ಸರಿದು ಸೊಸೆಗೆ ಒಲೆಯ ಮುಂದೆ ಜಾಗ ಬಿಟ್ಟಳು. ನಮ್ಮಲ್ಲಿಗೆ ಮತ್ತೆ ಬರುತ್ತಾಳೋ ಇಲ್ಲವೋ ಹುಲಗಮ್ಮ ಹೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.